ಕೊನೆಗಾರನ ಎರಡನೆಯ ಹಗ್ಗ

ಅಮರಸಿಂಹನು ಅಡಕೆಯ ಮರಕ್ಕೆ ಪೂಗ, ಕ್ರಮುಕ, ಗುವಾಕ, ಖಪುರ ಎಂದು ಹಲವು ಹೆಸರುಗಳನ್ನು ಹೇಳಿರುವನು. ಕ್ರಮುಕವೆಂದೊಡನೆ ಪಾಠಶಾಲೆಯಲ್ಲಿ ಓದಿದವರ ಮನಸ್ಸು ಕ್ರಮವೆಂಬ ಶಬ್ದದ ಕಡೆಗೆ, ಎಂದರೆ ಹೆಜ್ಜೆಯ ಕಡೆಗೆ, ಹರಿಯುವುದು ಸಹಜ. ಈ ವ್ಯುತ್ಪತ್ತಿಯನ್ನು ವೈಯಾಕರಣರು ಒಪ್ಪುವರೋ ಬಿಡುವರೋ, ಶಿರಸಿ, ಸಿದ್ದಾಪುರ, ಸಾಗರದ ಸೀಮೆಯ ಕೊನೆಗಾರನು ಮಾತ್ರ ಮರುಮಾತಿಲ್ಲದೆ ಒಪ್ಪಿಯಾನು. ಕವಲಿಲ್ಲದೆ, ಕೊಂಬೆಯಿಲ್ಲದೆ, ಎರಡು ಅಂಗೈಗಳ ನಡುವೆ ಹಿಡಿಸುವಷ್ಟು ದಪ್ಪದಲ್ಲಿ 40-50 ಅಡಿ ನೆಟ್ಟಗೆ ನಿಂತ ಮರದಲ್ಲಿ ಬೇರೆ ಆಧಾರವೇನಿದೆ? ಹೆಜ್ಜೆಯೇ ಎಲ್ಲ. ಖಪುರವೆಂಬ ಹೆಸರೂ ಅವನ ಮಟ್ಟಿಗೆ ಸಾರ್ಥಕವಾದುದೇ. ಖ ಎಂದರೆ ಆಕಾಶ. ಆಕಾಶದಲ್ಲೊಂದು ಪುರವಿದ್ದರೆ ಅದರ ಪೌರನು ಅವನೊಬ್ಬನೇ.

ಅಡಕೆಯ ತೋಟವುಳ್ಳ ಮನೆಗಳಲ್ಲಿ ವರ್ಷದ ಲೆಕ್ಕವು ಕೊನೆಗಾರನ ಬರವಿನಿಂದ ಬರವಿಗೆ ನಡೆಯುವುದು. ಮುಂಗಾರು ಕಾಲಿಡುವ ಮೊದಲು ಕೊಳೆಯ ಮದ್ದು ಹೊಡೆಯುವುದಕ್ಕೆ ಅವನು ಬೇಕು. ಅಲ್ಲಿಂದ 40-45 ದಿನಗಳ ಮೇಲೆ, ಜಡಿಮಳೆಯ ನಡುವೆ ಬಿಸಿಲು ಕಣ್ಣುಬಿಟ್ಟ ದಿನವನ್ನು ನೋಡಿ, ಎರಡನೆಯ ಸಲ ಹೊಡೆಯುವುದಕ್ಕೆ ಬೇಕು. ಮಳೆ ಹಿಂದಾದ ಮೇಲೆ ಹಸಿ ಅಡಕೆಯ ಕೊಯ್ಲಿಗೆ ಬೇಕು. ಕೊನೆಗಾರರು ಈಗ ಸಿಕ್ಕುವುದಿಲ್ಲವೆಂಬ ದೂರು ಎಲ್ಲ ಮನೆಗಳ ಜಗಲಿಯಲ್ಲಿಯೂ ಕೇಳಿಬರುತ್ತದೆ. ಏತಕ್ಕೆ ಸಿಕ್ಕುವುದಿಲ್ಲವೆಂದರೆ, ಕೂಲಿಯೆಂದು, ಓದೆಂದು, ಪೇಟೆಯ ಮೋಹವೆಂದು ಕಾರಣಗಳನ್ನು ಹೇಳಿ ಎಲೆಯಡಕೆಯನ್ನು ಬಾಯಿಗೆ ಹಾಕಿಕೊಳ್ಳುವರು. ಆ ಅಡಕೆಯನ್ನು ಮರದಿಂದ ಇಳಿಸಿದವನ ಸೊಂಟಕ್ಕೆ ಆ ದಿನ ಯಾವ ಹಗ್ಗವಿತ್ತೆಂದು ಕೇಳುವವರು ವಿರಳ.

ಅವನ ಸಲಕರಣೆಗಳು ಹೆಚ್ಚಿನವಲ್ಲ. ಪಾದಗಳೆರಡಕ್ಕೂ ಸೇರಿಸಿ ತೊಡುವ ತಳೆ, ಮೇಲಕ್ಕೆ ಹೋದ ಬಳಿಕ ಮರಕ್ಕೆ ಸಿಕ್ಕಿಸಿ ಕುಳಿತುಕೊಳ್ಳಲು ಹಗ್ಗ ಕಟ್ಟಿದ ಪುಟ್ಟ ಮಣೆ, ಸೊಂಟಕ್ಕೆ ಕತ್ತಿ, ಕೊಯ್ದ ಕೊನೆಯನ್ನು ಜಾರಿಸಿ ಇಳಿಸಲು ಉದ್ದನೆಯ ಹಗ್ಗ, ತಲೆಗೆ ಹಾಳೆಯ ಟೋಪಿ. ಇವುಗಳಲ್ಲಿ ತಳೆಯು ಬಲು ಜಾಣತನದ ವಸ್ತು. ನೋಡುವುದಕ್ಕೆ ಒಂದು ಬಳೆಯಂತೆ ಬಿದ್ದಿರುವುದು. ಅದನ್ನು ತೊಟ್ಟು ಮರಕ್ಕೆ ಕಾಲಿಟ್ಟರೆ ಎರಡು ಪಾದಗಳನ್ನೂ ಎರಡು ಪಕ್ಕಗಳಿಂದ ಮರಕ್ಕೆ ಒತ್ತಿ ಹಿಡಿಯುವುದು. ಮೈಯ ಭಾರವು ಕಾಲಿನ ಮೇಲೆ ಬಿದ್ದಷ್ಟೂ ಹಿಡಿತ ಬಿಗಿಯಾಗುವುದು; ಕೈಗಳಿಂದ ಮರವನ್ನಪ್ಪಿ, ಮೊಣಕಾಲನ್ನು ಮಡಚಿ, ಭಾರವನ್ನೆತ್ತಿದೊಡನೆ ಸಡಿಲವಾಗಿ ಕಾಲಿನೊಡನೆ ಮೇಲಕ್ಕೆ ಬರುವುದು. ಭಾರ ಬಿದ್ದಾಗ ಕಚ್ಚಬೇಕು, ಭಾರ ಎದ್ದಾಗ ಬಿಡಬೇಕು: ಹಗ್ಗದ ವಿದ್ಯೆಯ ಅರ್ಧಭಾಗವು ಇಷ್ಟರಲ್ಲಿಯೇ ಅಡಗಿದೆ. ಆಸ್ಟ್ರಿಯಾ ದೇಶದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ ಎಂಬವನು 1931ರಲ್ಲಿ, ದಪ್ಪ ಹಗ್ಗದ ಮೇಲೆ ಸಣ್ಣ ಹಗ್ಗದ ಕುಣಿಕೆಯನ್ನು ಸುತ್ತಿ ಬಿಗಿಯುವ ಗಂಟೊಂದನ್ನು ಪ್ರಕಟಪಡಿಸಿದನು. ಅದು ಎಳೆದಾಗ ಕಚ್ಚುವುದು, ಎಳೆತ ಬಿಟ್ಟಾಗ ಸರಿಯುವುದು. ಪಶ್ಚಿಮದ ದೇಶಗಳಲ್ಲಿ ಮರವೇರಿ ಕೊಂಬೆ ಕಡಿಯುವ ವೃತ್ತಿಯವರು ಈ ಜಾತಿಯ ಗಂಟುಗಳನ್ನು ನಂಬಿಯೇ ಹಗ್ಗದ ಮೇಲೆ ಏರಿಳಿಯುವರು. ನಮ್ಮ ಕೊನೆಗಾರನಿಗೆ ಆ ತತ್ತ್ವವನ್ನು ಯಾರೂ ಕಲಿಸಬೇಕಾಗಿಲ್ಲ. ಅದು ಅವನ ಕಾಲಿನಲ್ಲಿಯೇ ಇದೆ. ಆದರೆ ಅವರಲ್ಲಿದ್ದು ಅವನಲ್ಲಿಲ್ಲದ ವಸ್ತು ಒಂದುಂಟು.

ಅದೇ ಎರಡನೆಯ ಹಗ್ಗ. ತಳೆಯೂ ಮಣೆಯೂ ಏರುವುದಕ್ಕೆ ಮತ್ತು ಕೂಡುವುದಕ್ಕೆ ಇರುವ ಸಾಧನಗಳೇ ಹೊರತು ಬೀಳುವವನನ್ನು ಹಿಡಿಯತಕ್ಕ ಸಾಧನಗಳಲ್ಲ. ತಳೆ ಕಡಿಯಿತೆನ್ನಿ, ಮಣೆಯ ಹಗ್ಗ ಜಾರಿತೆನ್ನಿ, ಕಣಜವೊಂದು ಕಣ್ಣಿಗೆ ಕುಟುಕಿ ಕೈ ತಾನಾಗಿಯೇ ಬಿಟ್ಟಿತೆನ್ನಿ. ಆ ಮೇಲೆ ಅವನಿಗೂ ನೆಲಕ್ಕೂ ನಡುವೆ ಗಾಳಿಯಲ್ಲದೆ ಮತ್ತೇನೂ ಇಲ್ಲ. ವೇದಾಂತಿಗಳು ಹಗ್ಗವನ್ನು ಹಾವೆಂದು ಭ್ರಮಿಸಿದವನ ದೃಷ್ಟಾಂತವನ್ನು ಹೇಳುವರು. ಆ ಭ್ರಮೆಯಿಂದ ಯಾರ ಮೂಳೆಯೂ ಮುರಿದಿಲ್ಲ. ಮೂರು ಮಳೆಗಾಲ ನೆನೆದು ಒಳಗೊಳಗೇ ಕೊಳೆತ ದಾರವನ್ನು ಹಗ್ಗವೆಂದು ಭ್ರಮಿಸಿದರೆ ಫಲವು ಬೇರೆ.

ಲೆಕ್ಕವನ್ನು ನೋಡೋಣ. 40 ಅಡಿ ಎತ್ತರದಿಂದ ಕಳಚಿದ ವಸ್ತುವು ನೆಲವನ್ನು ಮುಟ್ಟುವುದಕ್ಕೆ ಒಂದೂವರೆ ಸೆಕೆಂಡಿಗಿಂತ ತುಸುವೇ ಹೆಚ್ಚು ಕಾಲ ಹಿಡಿಯುವುದು. ಮುಟ್ಟುವಾಗ ಅದರ ವೇಗವು ಗಂಟೆಗೆ 55 ಕಿಲೋಮೀಟರಿನಷ್ಟಾಗಿರುವುದು. ಶಿವನೇ ಎಂದು ಕೂಗುವಷ್ಟರೊಳಗೆ ಎಲ್ಲವೂ ಮುಗಿದಿರುತ್ತದೆ. ಹಾಗೆ ಬಿದ್ದು ಸತ್ತವರ ಮನೆಯ ಶೋಕಕ್ಕೆ ಹನ್ನೆರಡನೆಯ ದಿನವೆಂಬುದೊಂದುಂಟು. ಬೆನ್ನುಹುರಿ ಮುರಿದು ಬದುಕಿದವನ ಮನೆಯಲ್ಲಿ ಅಂತಹ ದಿನವಿಲ್ಲ. ಸೊಂಟದ ಕೆಳಗೆ ಸ್ಪರ್ಶವಿಲ್ಲದ ಮೈಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಚರ್ಮ ಕೊಳೆತು ಹುಣ್ಣಾಗುವುದು. ಹಗಲಿರುಳೆನ್ನದೆ ಆ ಮಗ್ಗುಲನ್ನು ಬದಲಿಸುವವಳು ಹೆಂಡತಿ. ಕೂಲಿಗೆ ಹೋಗತಕ್ಕವಳೂ ಅವಳೇ. ಮಾಡಿನ ಗಳುವಿಗೆ ತೂಗಹಾಕಿದ ತಳೆಯು ಮಲಗಿದವನ ಕಣ್ಣಿಗೆ ಎದುರಾಗಿಯೇ ಇರುವುದು. ಇಂತಹ ಮನೆಗಳು ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಇವೆ. ಕೊನೆಗಾರನ ಮಗನು ಪೇಟೆಗೆ ಹೋದುದು ಬರಿಯ ಮೋಹದಿಂದಲ್ಲವೆಂಬುದನ್ನು ಅಲ್ಲಿ ನೋಡಿದವರು ಬಲ್ಲರು.

ಎರಡನೆಯ ಹಗ್ಗವು ಹೇಗಿರಬೇಕು? ಸೊಂಟಕ್ಕೆ ಬರಿಯ ಪಟ್ಟಿ ಬಿಗಿದುಕೊಂಡರೆ ಸಾಕೆಂದು ತಿಳಿಯುವವರುಂಟು. ಬೀಳುವ ಮೈಯ ಭಾರವೆಲ್ಲ ಒಂದೇ ಪಟ್ಟಿಯ ಮೇಲೆ ಬಿದ್ದರೆ ಹೊಟ್ಟೆಯ ಒಳಭಾಗಗಳಿಗೂ ಬೆನ್ನಿಗೂ ಅಪಾಯ. ಈ ಕಾರಣದಿಂದಲೇ ಅಮೆರಿಕದಲ್ಲಿ ಕೆಲಸಗಾರರ ಬೀಳನ್ನು ತಡೆಯುವುದಕ್ಕೆ ಸೊಂಟಪಟ್ಟಿಯನ್ನು ಬಳಸಕೂಡದೆಂದು 1998ರಿಂದ ನಿಷೇಧಿಸಿದ್ದಾರೆ. ತೊಡೆಗಳನ್ನೂ ಭುಜಗಳನ್ನೂ ಸುತ್ತಿ ಬರುವ, ಅಂಗಡಿಯವರು ಹಾರ್ನೆಸ್ ಎಂದು ಕರೆಯುವ ಮೈಪಟ್ಟಿಯೇ ಬೇಕು. ಅದರಿಂದ ಹೊರಡುವ ಗಿಡ್ಡ ಹಗ್ಗವು ಮರವನ್ನು ಸುತ್ತಿ, ತಾನಾಗಿ ತೆರೆಯದ ಕೊಂಡಿಯಿಂದ ಮತ್ತೆ ಮೈಪಟ್ಟಿಗೆ ಬಂದು ಸೇರಬೇಕು. ಇಲ್ಲಿ ಅಡಕೆಯ ಮರದ ಸ್ವಭಾವವನ್ನು ಮರೆಯಲಾಗದು. ಕೊಂಬೆಯುಳ್ಳ ಮರದಲ್ಲಿ ಸಡಿಲವಾದ ಬಳೆಯೂ ಎಲ್ಲಿಯಾದರೂ ತೊಡಕಿ ನಿಂತೀತು. ಅಡಕೆಯ ಮರದಲ್ಲಿ ಸಡಿಲವಾದ ಬಳೆಯು ಬೀಳುವವನೊಡನೆ ಬುಡದವರೆಗೂ ಜಾರಿ ಬರುವುದು. ಆದಕಾರಣ ಹಗ್ಗವನ್ನು ಒಂದು ಸುತ್ತಿಗೆ ಬಿಡದೆ ಎರಡು ಸುತ್ತು ಹಾಕಿ, ಎಳೆದಷ್ಟೂ ಮರವನ್ನು ಬಿಗಿಯಾಗಿ ಹಿಸುಕುವ ಕುಣಿಕೆಯನ್ನಾಗಿ ಮಾಡತಕ್ಕದ್ದು. ತಳೆಯ ತತ್ತ್ವವೇ ಇದು. ಕಾಲಿನಲ್ಲಿದ್ದುದು ಎದೆಯ ಮಟ್ಟಕ್ಕೆ ಬಂದಿತು, ಅಷ್ಟೆ. ಈ ಕುಣಿಕೆಯನ್ನು ಹೆಜ್ಜೆಹೆಜ್ಜೆಗೂ ಎತ್ತಿಕೊಂಡು ಹೋಗಬೇಕು; ಸೊಂಟಕ್ಕಿಂತ ಮೇಲೆಯೇ ಇರಿಸಬೇಕು; ನಡುವೆ ಹಗ್ಗವು ಜೋತುಬೀಳದಂತೆ ಗಿಡ್ಡವಾಗಿರಬೇಕು. ಆರಡಿ ಜೋತುಬಿದ್ದ ಹಗ್ಗವು ಆರಡಿಯ ಬೀಳಿನ ಮೇಲೆ ಒಮ್ಮೆಲೇ ಜಗ್ಗಿ ಹಿಡಿಯುವಾಗ ಹಗ್ಗ ಉಳಿದರೂ ಮೈ ಉಳಿಯುವುದೆಂಬ ಭರವಸೆಯಿಲ್ಲ. ಸುಳಿಯ ಬಳಿ ಸೋಗೆಯ ದಂಟಿಗಾಗಲಿ ಹಾಳೆಗಾಗಲಿ ಕಟ್ಟುವುದಂತೂ ಸಲ್ಲದು. ಇಂದೋ ನಾಳೆಯೋ ತಾನೇ ಉದುರತಕ್ಕ ವಸ್ತುವನ್ನು ನಂಬುವುದು ಹೇಗೆ? ಅದರ ಕೆಳಗಿನ ಗಟ್ಟಿ ಕಾಂಡಕ್ಕೇ ಕಟ್ಟಬೇಕು. ಕತ್ತಿಯು ಕೈಯಲ್ಲಿರುವಾಗ ಮಣೆಯ ಹಗ್ಗವೊಂದು, ಈ ಹಗ್ಗವೊಂದು, ಎರಡೂ ಮರಕ್ಕೆ ಸೇರಿರಬೇಕು. ಕೊನೆಯ ದಂಟನ್ನು ಕಡಿಯುವ ಕತ್ತಿಗೆ ಹಗ್ಗವನ್ನು ಕಡಿಯುವುದೂ ಗೊತ್ತು.

ಇಷ್ಟನ್ನು ಓದಿ ತಲೆದೂಗುವ ಕೊನೆಗಾರನೂ ಒಂದು ಕಡೆ ನಗುವನು. ಅವನ ಕಸುಬಿನ ಶೋಭೆಯೆಲ್ಲ ಮರದಿಂದ ಮರಕ್ಕೆ ದಾಟುವುದರಲ್ಲಿದೆ. ಮರಗಳ ನಡುವೆ ಅಂತರವು ಒಂಬತ್ತು ಅಡಿ. ಇದ್ದ ಮರವನ್ನು ಮೈಯಿಂದಲೇ ತೂಗಿ, ಕೊಕ್ಕೆಯಿಂದಲೋ ಕೈಯಿಂದಲೋ ಪಕ್ಕದ ಮರವನ್ನು ಎಳೆದುಕೊಂಡು, ನೆಲಕ್ಕೆ ಇಳಿಯದೆ ಅವನು ಹತ್ತಾರು ಮರಗಳನ್ನು ಮುಗಿಸುವುದುಂಟು. ಕೆಳಗೆ ನಿಂತ ಮಕ್ಕಳು ಬಾಯಿ ತೆರೆದು ನೋಡುವರು. ಸದಾ ಕಟ್ಟಿಕೊಂಡಿರಬೇಕೆಂಬ ನಿಯಮಕ್ಕೂ ಈ ದಾಟಿಗೂ ಹೊಂದಾಣಿಕೆ ಕಷ್ಟ. ಎರಡು ಮರಗಳಿಗೂ ತನ್ನನ್ನು ಕಟ್ಟಿಕೊಂಡಿರುವಾಗ ಎಳೆದ ಮರವು ಕೈತಪ್ಪಿ ಹಿಂದಕ್ಕೆ ಚಿಮ್ಮಿದರೆ ಮೈಯು ಎರಡರ ನಡುವೆ ಸಿಕ್ಕುವುದು. ಯಾವುದಕ್ಕೂ ಕಟ್ಟಿಕೊಳ್ಳದೆ ದಾಟಿದರೆ ಆ ಗಳಿಗೆಯಲ್ಲಿ ಅವನು ಯಾವ ಮರಕ್ಕೂ ಸೇರಿದವನಲ್ಲ. ಎಳೆದುಕೊಂಡ ಮರವನ್ನು ಕೊಕ್ಕೆಯಿಂದ ಭದ್ರಪಡಿಸಿ, ಹೊಸ ಮರಕ್ಕೆ ಕುಣಿಕೆ ಬಿದ್ದ ಮೇಲೆಯೇ ಹಳೆಯ ಮರದ ಕುಣಿಕೆಯನ್ನು ಬಿಡುವುದೊಂದು ಉಪಾಯ. ಇಳಿದು ಮತ್ತೆ ಏರುವುದೇ ನಿಜವಾದ ಉಪಾಯ. ಮಳೆಗಾಲದಲ್ಲಿ, ಮರಕ್ಕೆ ಪಾಚಿ ಹತ್ತಿರುವಾಗ, ಬೇರೆ ಉಪಾಯವನ್ನು ಯೋಚಿಸುವುದೂ ಬೇಡ. ಆದರೆ ಮರಕ್ಕಿಷ್ಟೆಂದು ಕೂಲಿಯನ್ನು ಗೊತ್ತುಮಾಡಿದ ಮೇಲೆ ಇಳಿದು ಏರುವವನಿಗೆ ದಿನದ ಕೊನೆಯಲ್ಲಿ ಕೈಗೆ ಬರುವುದು ಅರ್ಧ. ಹಾರಿ ದಾಟುವವನ ಧೈರ್ಯವನ್ನು ಜಗಲಿಯಲ್ಲಿ ಕುಳಿತು ಹೊಗಳುವುದು ಸುಲಭ. ಆ ಧೈರ್ಯವನ್ನು ಕೊಂಡವರು ಯಾರು, ಎಷ್ಟಕ್ಕೆ ಕೊಂಡರು ಎಂಬುದನ್ನೂ ವಿಚಾರಿಸಬೇಕು. ದಿನದ ಲೆಕ್ಕದಲ್ಲಿ ಕೂಲಿ ಕೊಡುವ ಮನೆಯವರು ಕೊನೆಗಾರನಿಗೆ ಹಗ್ಗಕ್ಕಿಂತ ದೊಡ್ಡ ರಕ್ಷೆಯನ್ನು ಕೊಟ್ಟಂತೆಯೇ.

ಮರವನ್ನು ಏರುವ ಮೊದಲು ಓದಬೇಕು. ಹಳಬರು ಬುಡದಲ್ಲಿ ನಿಂತು ಒಮ್ಮೆ ತುದಿಯವರೆಗೆ ಕಣ್ಣುಹಾಯಿಸಿ, ಸುತ್ತಲೂ ನಡೆದು, ಕತ್ತಿಯ ಹಿಡಿಯಿಂದ ತಟ್ಟಿ ನೋಡುವುದು ಸುಮ್ಮನೆ ಅಲ್ಲ. ನೈಋತ್ಯದ ಕಡೆಯ ಬಿಸಿಲು ವರ್ಷವರ್ಷವೂ ಸುಟ್ಟ ಕಾಂಡವು ಮೊದಲು ಹಳದಿಯಾಗಿ, ಬಳಿಕ ಕಂದಾಗಿ, ಕೊನೆಗೆ ಬಿರುಕುಬಿಟ್ಟು ಒಳಗೆ ಜೊಳ್ಳಾಗುವುದು. ಅಣಬೆ ರೋಗ ತಗಲಿದ ಮರದ ಬುಡದಲ್ಲಿ ಕಪ್ಪುರಸ ಒಸರುವುದು, ಕೆಲವು ಕಾಲದ ಮೇಲೆ ಅಣಬೆಯೇ ಮೂಡುವುದು. ಅಷ್ಟರಲ್ಲಿ ಬೇರು ಹೋಗಿರುತ್ತದೆ. ಇಂತಹ ಮರವು ತನ್ನ ಸೋಗೆಗಳನ್ನು ಹೊತ್ತು ನಿಂತೀತು. ಅದರ ತುದಿಯಲ್ಲಿ ಒಬ್ಬ ಮನುಷ್ಯನು ಕುಳಿತು ತೂಗಿದರೆ ನಿಲ್ಲಲಾರದು. ಆಗ ಎರಡಲ್ಲ, ಹತ್ತು ಹಗ್ಗಗಳಿಂದ ಕಟ್ಟಿಕೊಂಡಿದ್ದರೂ ಮರದೊಡನೆಯೇ ಬೀಳುವನು. ಹಾಗಿರುವ ಮರವನ್ನು ಏರದೆ ಇರುವುದೊಂದೇ ರಕ್ಷೆ.

ಏರದೆ ಇರುವುದೂ ಹೇಳಿದಷ್ಟು ಸುಲಭವಲ್ಲ. ಶ್ರಾವಣದ ಯಾವ ಬೆಳಗಿನಲ್ಲಿಯಾದರೂ ಯಾವ ತೋಟದಲ್ಲಿಯಾದರೂ ಕೇಳಬಹುದಾದ ಮಾತು ಇದು:

"ಒಡೆಯಾ, ಈ ಮರ ಇವತ್ತು ಬ್ಯಾಡ."

"ಬ್ಯಾಡ ಅಂದರೆ ಹೇಗೋ ಮಾರಾಯಾ? ಇದೊಂದಕ್ಕೆ ಮದ್ದು ಬೀಳದಿದ್ದರೆ ಇಡೀ ಬಣ್ಣಕ್ಕೇ ಕೊಳೆ ಹತ್ತೀತು. ನಿನ್ನೆ ಪಕ್ಕದ ತೋಟದವ ಇದಕ್ಕಿಂತ ಉದ್ದದ್ದು ಹತ್ತಿದ್ದಾನೆ."

ಆ ಮೇಲೆ ಕೊನೆಗಾರನು ಮಾತಾಡುವುದಿಲ್ಲ. ತಳೆಯನ್ನು ಒದ್ದೆ ಮಾಡಿ ಕಾಲಿಗೆ ತೊಡುತ್ತಾನೆ.

ಇಲ್ಲಿ ಒಡೆಯನನ್ನು ಕ್ರೂರಿಯೆನ್ನುವುದು ಅನ್ಯಾಯ. ಅವನು ಹೇಳಿದುದು ಸುಳ್ಳಲ್ಲ. ಕೊಳೆಯು ಗಾಳಿಮಳೆಗಳೊಡನೆ ಮರದಿಂದ ಮರಕ್ಕೆ ಹರಡುವ ರೋಗವೇ ಸರಿ. ಒಂದು ವಾರದಲ್ಲಿ ವರ್ಷದ ಅನ್ನವು ಕಾಯಿಯಾಗಿಯೇ ಉದುರಿ ಕೊಳೆಯುವುದನ್ನು ಕಂಡ ಮನೆಗಳವರ ಭೀತಿಯು ಹುಸಿಯಲ್ಲ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಯು ಈ ರೋಗವನ್ನು ಶೋಧಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದನು. ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸುವ ಪದ್ಧತಿಯು ಅವನ ಕಾಲದಿಂದ ಬೇರೂರಿತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು: ಮಲೆನಾಡಿನ ಬಾಲಕರಿಗೂ ಇದು ಬಾಯಿಪಾಠ. ಆ ಮದ್ದು ಅಡಕೆಯ ಬೆಳೆಗಾರರನ್ನು ಉಳಿಸಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರ ಇನ್ನೊಂದು ಮುಖವನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಹಿಂದೆ ಮಳೆಗೆ ಮೊದಲೇ ಕೊನೆಗಳಿಗೆ ಕೊಟ್ಟೆ ಕಟ್ಟಿ ಇಳಿದುಬಿಡುತ್ತಿದ್ದರು. ಎರಡನೆಯ ಸಲದ ಮದ್ದು ಬಂದ ಮೇಲೆ, ಮರವು ಅತ್ಯಂತ ಜಾರುವ ಕಾಲದಲ್ಲಿಯೇ ಮನುಷ್ಯನು ಅದರ ತುದಿಯಲ್ಲಿರಬೇಕಾಯಿತು. ಕಾಯಿಗೆ ಔಷಧವಾದುದು ಏರುವವನಿಗೆ ಆಪತ್ತಾಯಿತು. ಆಪತ್ತನ್ನು ತಂದುಕೊಂಡು ಲಾಭವನ್ನು ಪಡೆದವರು ಅದರ ಪರಿಹಾರಕ್ಕೂ ಹೊಣೆಯಾಗುವುದು ನ್ಯಾಯ. ಬೇಡವೆಂದ ಮರವನ್ನು ಎರಡು ದಿನ ಬಿಡಬಹುದು. ನೆಲದಿಂದಲೇ ಉದ್ದದ ದೋಟಿಗೆ ಕೊಳವೆ ಕಟ್ಟಿ ಹೊಡೆಯಬಹುದು. ಜೊಳ್ಳು ಮರವಾದರೆ ಕಡಿದೇ ಬಿಡಬಹುದು. ಕೊನೆಗಾರನ ಬೇಡವೆಂಬ ಮಾತಿಗೆ ಮರುಮಾತಾಡದಿರುವುದು ತೋಟದ ಮನೆಗಳ ನಿಯಮವಾಗಬೇಕು. ಬೇಡವೆಂದ ಮರಕ್ಕೂ ಕೂಲಿ ಹಿಡಿಯದಿರುವುದು ಅದರ ಎರಡನೆಯ ಭಾಗ.

ದೋಟಿಯ ಮಾತು ಬಂದಿತು. ಇಂಗಾಲದ ನಾರಿನಿಂದ ಮಾಡಿದ, ಒಂದರೊಳಗೊಂದು ಸೇರುವ ಹಗುರವಾದ ದೋಟಿಗಳು ಈಗ ಬಂದಿವೆ. 2019ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕರೊಬ್ಬರು ರೂಪಿಸಿದ, ಆಸನದ ಮೇಲೆ ಕುಳಿತೇ ಮರವೇರುವ ಪೆಟ್ರೋಲ್ ಯಂತ್ರವು ದೇಶಕ್ಕೆಲ್ಲ ಸುದ್ದಿಯಾಯಿತು. ಇವೆಲ್ಲವೂ ಸ್ವಾಗತಾರ್ಹ. ಆದರೆ ದೋಟಿಯನ್ನು ಹಿಡಿದವನು ತಲೆಯ ಮೇಲಿನ ತಂತಿಯನ್ನು ನೋಡಬೇಕು. ಅಲ್ಯುಮಿನಿಯಮ್ಮಿನ ದೋಟಿಯೂ ಏಣಿಯೂ ವಿದ್ಯುತ್ತಿನ ತಂತಿಗೆ ತಗಲಿ ಸತ್ತವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದಾರೆ. ಇಂಗಾಲದ ನಾರು ಲೋಹವಲ್ಲ, ಅದಕ್ಕೆ ಭಯವಿಲ್ಲವೆಂದು ನಂಬಿದವರು ಬಹಳ. ಅದರಲ್ಲಿಯೂ ವಿದ್ಯುತ್ತು ಹರಿಯುತ್ತದೆ.

ಕೆಳಗೆ ನಿಂತವನ ಕೆಲಸವೇನೆಂಬುದೂ ಮುಖ್ಯ. ಹಗ್ಗದ ತುದಿಯನ್ನು ಹಿಡಿದು, ಜಾರಿಬರುವ ಕೊನೆಯನ್ನು ತಡೆದು ನಿಲ್ಲಿಸುವ ಆತನೇ ಮೇಲಿನವನ ಕಣ್ಣು. ಮಾತಾಡುವುದಕ್ಕೆ ಯಾರೂ ಇಲ್ಲದ ತೋಟದಲ್ಲಿ ಒಬ್ಬನೇ ಮರವೇರಕೂಡದು. ಮೈಪಟ್ಟಿಯಲ್ಲಿ ಮೂರ್ಛೆಹೋಗಿ ನೇತಾಡುವವನನ್ನು ಹಾಗೆಯೇ ಬಿಟ್ಟರೆ ರಕ್ತವು ಕಾಲಿಗಿಳಿದು ನಿಂತು ಪ್ರಾಣಕ್ಕೆ ಸಂಚಕಾರ ಬರುವುದು. ಬಿದ್ದಿಲ್ಲವೆಂದು ಸಮಾಧಾನಪಡದೆ ಬೇಗ ಇಳಿಸಬೇಕು. ಆದಕಾರಣ ಇನ್ನೊಂದು ತಳೆ, ಇನ್ನೊಂದು ಹಗ್ಗ, ಏರಬಲ್ಲ ಇನ್ನೊಬ್ಬನು ತೋಟದಲ್ಲಿಯೇ ಇರುವುದು ಲೇಸು. ನೆಲಕ್ಕೆ ಬಿದ್ದವನ ವಿಷಯದಲ್ಲಿ ಬೇಗವೇ ಶತ್ರು. ಪ್ರೀತಿಯುಳ್ಳವರೇ ಓಡಿಬಂದು, ತೋಳಿಗೊಬ್ಬರು ಕಾಲಿಗೊಬ್ಬರು ಹಿಡಿದು, ನೀರು ಕುಡಿಸುವುದಕ್ಕೆ ಎಬ್ಬಿಸಿ ಕೂರಿಸುವರು. ಬೆನ್ನೆಲುಬು ಮುರಿದಿದ್ದರೆ, ಬೀಳು ಕೆಡಿಸದಿದ್ದ ಬೆನ್ನುಹುರಿಯನ್ನು ಈ ಪ್ರೀತಿಯು ಕೆಡಿಸೀತು. ಉಸಿರಾಟವನ್ನು ನೋಡಿ, ತಲೆ ಕುತ್ತಿಗೆಗಳನ್ನು ಅಲುಗಿಸದೆ ಹಿಡಿದುಕೊಂಡು, 108ಕ್ಕೆ ಕರೆಮಾಡಿ ಕಾಯಬೇಕು. ಸಾಗಿಸಲೇಬೇಕಾದರೆ ಮೂರು ನಾಲ್ಕು ಜನ ಸೇರಿ ತಲೆಯಿಂದ ಕಾಲಿನವರೆಗೆ ಒಂದೇ ಸರಳರೇಖೆಯಲ್ಲಿ ಹಲಗೆಯ ಮೇಲೆ ತೆಗೆದುಕೊಳ್ಳಬೇಕು; ಕಂಬಳಿಯ ಜೋಲಿಯಲ್ಲಿ ಅಲ್ಲ. ಮನೆಯ ಹೆಂಗಸರೂ ಮಕ್ಕಳೂ ಇದನ್ನು ತಿಳಿದಿರತಕ್ಕದ್ದು. ಹಗಲು ಹೊತ್ತಿನಲ್ಲಿ ತೋಟದ ಕೂಗು ಮೊದಲು ಕೇಳುವುದು ಅವರಿಗೆ.

ತೆಂಗಿನ ಮರವೇರುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ತರಬೇತಿಯ ಯೋಜನೆಯೊಂದನ್ನು ಆರಂಭಿಸಿ, ಯಂತ್ರದ ಸಹಾಯದಿಂದ ಏರುವುದನ್ನು ಯುವಕರಿಗೂ ಯುವತಿಯರಿಗೂ ಕಲಿಸಿ, ಅಪಘಾತ ವಿಮೆಯನ್ನೂ ಸೇರಿಸಿತು. ಹೆಂಗಸರು ಮರವೇರುವುದೆಂದರೆ ಮೂಗಿನ ಮೇಲೆ ಬೆರಳಿಡುತ್ತಿದ್ದವರ ಎದುರಿನಲ್ಲಿಯೇ ಅನೇಕ ಯುವತಿಯರು ಅದನ್ನು ಜೀವನೋಪಾಯ ಮಾಡಿಕೊಂಡರು. ರಕ್ಷೆಯಿದ್ದರೆ ಕೈಗಳು ಬರುತ್ತವೆಂಬುದಕ್ಕೆ ಬೇರೆ ನಿದರ್ಶನ ಬೇಡ. ಅಡಕೆಯ ಸಹಕಾರಿ ಸಂಘಗಳಲ್ಲಿ ಸದಸ್ಯರಾಗಿರುವ ಮನೆಗಳವರು ತಮ್ಮ ಸಂಘಗಳ ವಾರ್ಷಿಕ ಸಭೆಯಲ್ಲಿ ಕೊನೆಗಾರನ ಮೈಪಟ್ಟಿಯ ವಿಷಯವನ್ನೂ ವಿಮೆಯ ವಿಷಯವನ್ನೂ ಎತ್ತಬಹುದು. ಒಂದು ಮೈಪಟ್ಟಿಯನ್ನು ನಾಲ್ಕು ಮನೆಗಳು ಕೂಡಿ ಕೊಂಡರೆ ಒಂದೊಂದು ಮನೆಗೂ ಬೀಳುವ ಪಾಲು ಹಬ್ಬದ ಒಂದು ದಿನದ ಖರ್ಚಿಗಿಂತ ಹೆಚ್ಚಾಗಲಾರದು.

ಕೊಂಡ ಹಗ್ಗವನ್ನು ಕಾಪಾಡುವುದೂ ಒಂದು ಕೆಲಸ. ಸಂಸ್ಕೃತದಲ್ಲಿ ಗುಣವೆಂದರೆ ಹುರಿಯೂ ಹೌದು, ಶೀಲವೂ ಹೌದು; ಎರಡೂ ಒಳಗಿನಿಂದಲೇ ಕೆಡತಕ್ಕವು. ನೈಲಾನಿನ ಹಗ್ಗವು ಮಳೆಗೆ ಕೊಳೆಯದಿದ್ದರೂ ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ ಬಲಗುಂದುವುದು, ರಭಸದ ತಿಕ್ಕಾಟದ ಬಿಸಿಗೆ ಕರಗುವುದು. ನಾರಿನ ಹಗ್ಗವು ಹೊರಗೆ ನೆಟ್ಟಗಿದ್ದು ಹುರಿಯ ಒಳಗೆ ಪುಡಿಯಾಗಿರುವುದು. ಎರಡು ಕೈಗಳಿಂದ ತಿರುಚಿ ಹುರಿಯನ್ನು ಬಿಚ್ಚಿ ನೋಡಿದ ಹೊರತು ತಿಳಿಯದು. ಮದ್ದಿಗೆ ಸುಣ್ಣ ಸಾಲದಿದ್ದಾಗ ಮೈಲುತುತ್ತವು ಕಬ್ಬಿಣವನ್ನು ತಿನ್ನುವುದೆಂದು ತೋಟದವರೆಲ್ಲರೂ ಬಲ್ಲರು. ಕತ್ತಿಯನ್ನದ್ದಿ ಕೆಂಪು ಹತ್ತುವುದೋ ಎಂದು ನೋಡುವ ಪರೀಕ್ಷೆಯೇ ಅದಕ್ಕಾಗಿ. ಅದೇ ಮದ್ದು ದಿನವೂ ಕೊಂಡಿಗಳ ಮೇಲೆ ಹನಿಯುತ್ತಿರುವುದು. ಸಂಜೆ ಹಗ್ಗವನ್ನೂ ಕೊಂಡಿಯನ್ನೂ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಇಲಿ ಮುಟ್ಟದಂತೆ ತೂಗಹಾಕಬೇಕು. ಒಮ್ಮೆ ಬೀಳನ್ನು ತಡೆದ ಹಗ್ಗಕ್ಕೆ ನಮಸ್ಕರಿಸಿ ಬಿಟ್ಟುಬಿಡಬೇಕು. ಕಣ್ಣಿಗೆ ಕಾಣದ ಎಳೆಗಳು ಅದರಲ್ಲಿ ಹರಿದಿರುತ್ತವೆ. ಹಾಗೆ ಬಿಟ್ಟ ಹಗ್ಗವನ್ನು ಅಟ್ಟದ ಮೇಲೆ ಎಸೆಯುವುದು ನಮ್ಮ ಮನೆಗಳ ವಾಡಿಕೆ. ಕೊಯ್ಲಿನ ಅವಸರದಲ್ಲಿ ಯಾರೋ ಅಟ್ಟಕ್ಕೆ ಏರಿ, ಇದೊಂದಿದೆಯಲ್ಲಾ ಎಂದು ಕೆಳಕ್ಕೆ ಇಳಿಸಿಯೇ ಇಳಿಸುವರು. ಅಂತಹುದನ್ನು ಆ ದಿನವೇ ಮೊಳಮೊಳದ ತುಂಡುಗಳಾಗಿ ಕತ್ತರಿಸಿಡತಕ್ಕದ್ದು. ಸೊಪ್ಪಿನ ಹೊರೆಯನ್ನು ಕಟ್ಟುವುದಕ್ಕೆ, ಕರುವಿನ ಕೊರಳಿಗೆ, ಅದು ಇನ್ನೂ ಹಲವು ವರ್ಷ ಬರುವುದು.